ಕೆಲಸ ಹುಡುಕುತ್ತಿಲ್ಲ

ವಿದ್ಯಾರ್ಥಿಗಳು ಆಕೆಗೆ ಇಟ್ಟ ಹೆಸರು ಸುಂಕದ ಮೇಡಂ. ಮೂವತ್ತೈದು ವರ್ಷ ಒಂದೇ ವಿಶ್ವವಿದ್ಯಾಲಯದ ಎರಡನೇ ಮಹಡಿಯಲ್ಲಿ ನಿಂತು, ಆಮದು, ರಫ್ತು, ಸುಂಕ ಎಂದು ಒಂದೇ ವಿಷಯ ಕಲಿಸಿದವರಿಗೆ ಅಂಥದೊಂದು ಹೆಸರು ಅಂಟಿಕೊಳ್ಳದೆ ಇರುವುದಿಲ್ಲ. ಆಕೆಯ ಕಿವಿಗೂ ಅದು ಬಿದ್ದಿತ್ತು. ಸಿಟ್ಟು ಬಂದಿರಲಿಲ್ಲ.

ಮೊದಲ ವರ್ಷದವರಿಗೆ ಪ್ರತಿಸಲ ಒಂದೇ ಉದಾಹರಣೆ ಕೊಡುತ್ತಿದ್ದಳು. ಒಂದು ಮನೆಯಲ್ಲಿ ಅಕ್ಕ ತಂಗಿ ಇದ್ದಾರೆ ಅಂದುಕೊಳ್ಳಿ. ಹೊಲಿಗೆಯಲ್ಲೂ ಅಕ್ಕನೇ ಮುಂದೆ, ಲೆಕ್ಕದಲ್ಲೂ ಅಕ್ಕನೇ ಮುಂದೆ. ಹಾಗಂತ ಎರಡನ್ನೂ ಅಕ್ಕನೇ ಮಾಡಬೇಕೆ? ಬೇಡ. ಲೆಕ್ಕದಲ್ಲಿ ಅಕ್ಕ ಕೂದಲೆಳೆಯಷ್ಟು ಮುಂದೆ, ಹೊಲಿಗೆಯಲ್ಲಿ ಗಾವುದ ಮುಂದೆ. ಆದ್ದರಿಂದ ಅಕ್ಕ ಹೊಲಿಯಲಿ, ತಂಗಿ ಲೆಕ್ಕ ಮಾಡಲಿ. ಮನೆಗೆ ಒಟ್ಟಾರೆ ಲಾಭ. ದೇಶಗಳ ನಡುವಿನ ವ್ಯಾಪಾರವೂ ಇಷ್ಟೇ.

ಹಿಂದಿನ ಬೆಂಚಿನಿಂದ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಿದ್ದರು: "ಅಕ್ಕನಿಗೆ ಲೆಕ್ಕ ಮಾಡೋದೇ ಇಷ್ಟ ಇದ್ರೆ ಮೇಡಂ?"

"ಇಷ್ಟ ಅನ್ನೋದು ಮೂರನೇ ವರ್ಷದ ಪಾಠ. ಅಲ್ಲೀತನಕ ಪಾಸಾಗಿ ಬನ್ನಿ."

ತರಗತಿ ನಗುತ್ತಿತ್ತು. ಆಕೆ ಬೋರ್ಡಿನ ಕಡೆ ತಿರುಗುತ್ತಿದ್ದಳು.

ಆ ಅಕ್ಕ ತಂಗಿ ಆಕೆಯ ಮನೆಯವರೇ. ತಾಯಿ ತೀರಿಕೊಂಡಾಗ ಆಕೆಗೆ ಎಂಟು ವರ್ಷ, ಅಕ್ಕನಿಗೆ ಹದಿನೇಳು. ಅಪ್ಪ ಸರಕು ಸಾಗಿಸುವ ಕಂಪನಿಯೊಂದರಲ್ಲಿ ಗುಮಾಸ್ತ. ಹೆಂಡತಿ ಹೋದ ಮೇಲೆ ಮೊದಲು ಮಾತು ಕಡಿಮೆ ಮಾಡಿದ, ಆಮೇಲೆ ಊಟ ಕಡಿಮೆ ಮಾಡಿದ, ನಾಲ್ಕು ವರ್ಷಕ್ಕೆ ತಾನೂ ಹೋದ. ಅಷ್ಟರಲ್ಲಿ ಅಕ್ಕ ಶಾಲೆ ಬಿಟ್ಟು ಛತ್ರಿ ಕಾರ್ಖಾನೆ ಸೇರಿಯಾಗಿತ್ತು. ಎಂಟು ಪಟ್ಟಿ ಸೇರಿಸಿ ಹೊಲಿದ ಬಟ್ಟೆ ಮಿಷನ್ ವಿಭಾಗದಿಂದ ಬರುತ್ತಿತ್ತು. ಅದನ್ನು ತಂತಿಯ ಕಡ್ಡಿಗಳ ಮೇಲೆ ಹರಡಿ, ಒಂದೊಂದು ತುದಿಯನ್ನೂ ಕಡ್ಡಿಯ ಮೂತಿಗೆ ದಾರದಿಂದ ಬಿಗಿಯುವುದು, ನಡುವೆ ಎರಡೆರಡು ಕಡೆ ಕಾಣದಂತೆ ಹೊಲಿಗೆ ಹಾಕುವುದು ಅಕ್ಕನ ಸಾಲಿನ ಕೆಲಸ. ಬಿಗಿ ಹೆಚ್ಚಾದರೆ ಕಡ್ಡಿ ಬಾಗುತ್ತದೆ, ಕಡಿಮೆಯಾದರೆ ಬಟ್ಟೆ ಜೋಲುತ್ತದೆ. ಅಕ್ಕನ ಕೈಯಿಂದ ಬಂದ ಛತ್ರಿ ಒಂದೂ ವಾಪಸ್ ಬರುತ್ತಿರಲಿಲ್ಲ.

"ಏನು ಕೆಲಸ ಅಂತ ಯಾರಾದ್ರೂ ಕೇಳಿದ್ರೆ ಛತ್ರಿ ಕೆಲಸ ಅನ್ನೋಕೆ ನಾಚಿಕೆ ಆಗುತ್ತೆ ಕಣೆ. ನನ್ನ ಮುಖ ನೋಡಿ ಇವಳು ಯಾರ ತಲೆ ಸವರಿದ್ಲೋ ಅಂದ್ಕೋತಾರೆ," ಎನ್ನುತ್ತಿದ್ದಳು.

ಸಂಜೆ ಒಲೆಯ ಮುಂದೆ ನಿಂತು ಸೌಟು ಆಡಿಸುತ್ತಲೇ ತಂಗಿಯ ಲೆಕ್ಕಗಳನ್ನು ಬಾಯಲ್ಲೇ ಬಿಡಿಸುತ್ತಿದ್ದಳು. ತಂಗಿ ಕಾಗದ, ಪೆನ್ಸಿಲ್ ಹಿಡಿದು ಅರ್ಧ ದಾರಿಗೆ ಬರುವಷ್ಟರಲ್ಲಿ ಅಕ್ಕನ ಉತ್ತರ ಬಂದಿರುತ್ತಿತ್ತು. "ದಾರಿ ತೋರಿಸಿ ಬರೀಬೇಕಂತೆ ಅಕ್ಕಾ, ಬರೀ ಉತ್ತರ ಬರೆದ್ರೆ ಅಂಕ ಕೊಡಲ್ಲ," ಎಂದು ತಂಗಿ ಗೊಣಗಿದರೆ, "ದಾರಿ ನೀನು ಬರಿ. ಊಟಕ್ಕೆ ತಟ್ಟೆ ಹಾಕು," ಎನ್ನುತ್ತಿದ್ದಳು.

ತಂಗಿ ಓದಿದಳು. ಅಕ್ಕ ಓದಿಸಿದಳು. ಬಸ್ ಚಾಲಕರೊಬ್ಬರನ್ನು ಮದುವೆಯಾದ ಮೇಲೂ ಓದಿಸಿದಳು. ಭಾವ ಒಳ್ಳೆಯ ಮನುಷ್ಯ, ತಕರಾರು ಮಾಡಲಿಲ್ಲ.

ಡಾಕ್ಟರೇಟಿಗೆ ಆಕೆ ಆರಿಸಿಕೊಂಡ ಪ್ರಶ್ನೆ ಸರಳವಾಗಿತ್ತು. ಹೊರದೇಶದ ಸರಕಿನ ಮೇಲಿನ ಸುಂಕ ಇಳಿಸಿದಾಗ ಇಲ್ಲಿ ಕಾರ್ಖಾನೆಗಳು ಮುಚ್ಚುತ್ತವೆ. ಅಲ್ಲಿದ್ದ ಜನ ಆಮೇಲೆ ಏನಾಗುತ್ತಾರೆ? ಆಗಷ್ಟೇ ಪಾದರಕ್ಷೆಯ ಸುಂಕ ಇಳಿದಿತ್ತು. ಆಕೆ ಹಲಗೆ, ಕಾಗದ ಹಿಡಿದು ಮುಚ್ಚಿದ ಕಾರ್ಖಾನೆಗಳ ಕೆಲಸಗಾರರ ಮನೆ ಮನೆ ತಿರುಗಿದಳು. ಮೂರು ವರ್ಷದಲ್ಲಿ ಹತ್ತರಲ್ಲಿ ಎಂಟು ಮಂದಿಗೆ ಬೇರೆ ಕೆಲಸ ಸಿಕ್ಕಿತ್ತು. ಚಪ್ಪಲಿ ಸವೆಸಿ ಚಪ್ಪಲಿಯ ಮೇಲೆ ಬರೆದವಳು ಎಂದು ಮಾರ್ಗದರ್ಶಕರು ಹೊಗಳಿದರು. ಲೇಖನ ದೊಡ್ಡ ಪತ್ರಿಕೆಯಲ್ಲಿ ಬಂತು, ಕೆಲಸ ಸಿಕ್ಕಿತು. ಮೂವತ್ತಾರನೇ ವಯಸ್ಸಿಗೆ ಸರ್ಕಾರದ ಸುಂಕ ಸಮಿತಿಯಲ್ಲಿ ಕುರ್ಚಿಯೂ ಸಿಕ್ಕಿತು.

ಸಮಿತಿಯ ಮುಂದೆ ಇಪ್ಪತ್ತೇಳು ಸರಕುಗಳ ಪಟ್ಟಿ ಇತ್ತು. ಹತ್ತೊಂಬತ್ತನೆಯ ಸಾಲಿನಲ್ಲಿ ಛತ್ರಿ. ಆಕೆ ಎದ್ದುನಿಂತು, "ನನ್ನ ಅಕ್ಕ ಆ ಕಾರ್ಖಾನೆಯಲ್ಲಿದ್ದಾಳೆ, ಈ ಒಂದು ಸಾಲಿನ ಬಗ್ಗೆ ನಾನು ಬಾಯಿ ತೆರೆಯೋದಿಲ್ಲ," ಎಂದಳು. ಅಧ್ಯಕ್ಷರು ತಲೆದೂಗಿದರು. ಎಷ್ಟು ಪ್ರಾಮಾಣಿಕಳು ಎಂದು ಚಹಾದ ಹೊತ್ತಿನಲ್ಲಿ ಮಾತಾಯಿತು. ಆಕೆ ಬಾಯಿ ತೆರೆಯಲಿಲ್ಲ. ಹತ್ತೊಂಬತ್ತನೆಯ ಸಾಲು ಎರಡು ನಿಮಿಷದಲ್ಲಿ ಮುಗಿಯಿತು.

ಆ ಭಾನುವಾರ ಅಕ್ಕನ ಮನೆಗೆ ಹೋಗಿ ತಾನೇ ಹೇಳಿದಳು.

"ಇನ್ಮೇಲೆ ಹೊರಗಿಂದ ಛತ್ರಿ ಬರುತ್ತೆ ಅಕ್ಕಾ. ನಿಮ್ಮ ಕಾರ್ಖಾನೆಗೆ ಕಷ್ಟ ಆಗಬಹುದು."

"ಎಷ್ಟು ದಿನದಲ್ಲಿ?"

"ಒಂದು ವರ್ಷ. ಒಂದೂವರೆ."

"ಆಮೇಲೆ ನಾವು?"

"ಬೇರೆ ಕೆಲಸ ಸಿಗುತ್ತೆ. ನಾನೇ ಮನೆ ಮನೆಗೆ ಹೋಗಿ ಎಣಿಸಿದೀನಲ್ಲ. ಹತ್ತರಲ್ಲಿ ಎಂಟು ಜನಕ್ಕೆ ಸಿಕ್ಕಿದೆ."

ಅಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. "ಸರಿ ಬಿಡು ಪುಟ್ಟಿ. ಓದಿದವಳು ನೀನು," ಎಂದಳು.

ಹದಿನಾಲ್ಕು ತಿಂಗಳಿಗೆ ಕಾರ್ಖಾನೆ ಮುಚ್ಚಿತು. ಅಕ್ಕನಿಗೆ ಆಗ ನಲವತ್ತಾರು. ಏನು ಮಾಡ್ತೀಯ ಎಂದು ಕೇಳಿದಾಗಲೆಲ್ಲ, "ಸಾಕಾಗಿತ್ತು ಕಣೆ, ಹದಿನೇಳಕ್ಕೆ ಶುರು ಮಾಡಿದ್ದು. ಮನೇಲಿರ್ತೀನಿ," ಎನ್ನುತ್ತಿದ್ದಳು. ಆಕೆ ನಂಬಿದಳು. ನಂಬದೆ ಇರಲು ಕಾರಣವೂ ಇರಲಿಲ್ಲ, ಹುಡುಕುವ ಪುರಸೊತ್ತೂ ಇರಲಿಲ್ಲ.

ಐದು ವರ್ಷದ ಮೇಲೆ ಆಕೆಯ ಎರಡನೇ ಅಧ್ಯಯನ ನಡೆಯಿತು. ಈ ಸಲ ಛತ್ರಿ ಕಾರ್ಖಾನೆಯನ್ನು ಬಿಡುವ ಹಾಗಿರಲಿಲ್ಲ. ಅಕ್ಕನಿರುವ ಕಡೆ ತಾನು ಹೋಗಬಾರದೆಂದು ಮೂವರು ಸಮೀಕ್ಷಕರನ್ನು ನೇಮಿಸಿದಳು. ಹೊಲಿಗೆ ವಿಭಾಗದ ಇನ್ನೂರ ಹದಿನಾಲ್ಕು ಹೆಂಗಸರನ್ನು ಅವರು ಮನೆಗೇ ಹೋಗಿ ಕಂಡರು. ನೂರ ಮೂವತ್ತೊಂದು ಮಂದಿ 'ಕೆಲಸ ಹುಡುಕುತ್ತಿಲ್ಲ' ಎಂಬ ಕಾಲಂಗೆ ಬಂದರು. ಹುಡುಕದವರು ಮಾರುಕಟ್ಟೆಯಲ್ಲಿಲ್ಲ, ಮಾರುಕಟ್ಟೆಯಲ್ಲಿಲ್ಲದವರು ನಿರುದ್ಯೋಗಿಗಳಲ್ಲ. ಅರ್ಥಶಾಸ್ತ್ರದ ನಿಯಮ ಅದು, ಎಲ್ಲ ದೇಶಗಳೂ ಹಾಗೆಯೇ ಎಣಿಸುತ್ತವೆ. ಆಕೆಯೂ ಹಾಗೆಯೇ ಎಣಿಸಿದಳು. ಉಳಿದವರು ಎಂಬತ್ತಮೂರು. ಅವರಲ್ಲಿ ಎಪ್ಪತ್ತೈದು ಮಂದಿಗೆ ಕೆಲಸ ಸಿಕ್ಕಿತ್ತು. ನೂರಕ್ಕೆ ತೊಂಬತ್ತು.

ಆ ತೊಂಬತ್ತು ಆಕೆಯ ಹಣೆಬರಹವಾಯಿತು. ಪಠ್ಯಪುಸ್ತಕಗಳಲ್ಲಿ ಗೆರೆ ಹಾಕಿದ ಚೌಕದೊಳಗೆ 'ಛತ್ರಿ ಕಾರ್ಖಾನೆಯ ಪಾಠ' ಎಂದು ಅಚ್ಚಾಯಿತು. ಹನ್ನೆರಡು ದೇಶಗಳಲ್ಲಿ ಭಾಷಣ ಮಾಡಿದಳು. ಯಾವ ದೇಶದ ಹೋಟೆಲ್ ಕೋಣೆಯಾದರೂ ಒಂದೇ ಥರ ಇರುತ್ತಿತ್ತು. ಬೆಳಿಗ್ಗೆ ಎದ್ದಾಗ ಬಚ್ಚಲು ಎಡಕ್ಕೋ ಬಲಕ್ಕೋ ಎಂದು ಮಾತ್ರ ಗೊಂದಲ. ಮದುವೆ ಒಂದೆರಡು ಸಲ ಮಾತಿಗೆ ಬಂದು ಹೋಯಿತು. ಯಾವಾಗಿಂದ ಎಂದು ಗೊತ್ತಿಲ್ಲ, ಖುಷಿಯ ಸುದ್ದಿಗೂ ದುಃಖದ ಸುದ್ದಿಗೂ ಆಕೆಯ ಬಾಯಿಂದ ಒಂದೇ ಪದ ಬರತೊಡಗಿತ್ತು. ಹೌದಾ. ಭಾವ ತೀರಿಕೊಂಡರೆಂದು ಅಕ್ಕ ಫೋನು ಮಾಡಿದಾಗಲೂ "ಹೌದಾ" ಎಂದೇ ಅಂದಿದ್ದಳು. ಆಮೇಲೆ ಹೋಗಿ ಹದಿನೈದು ದಿನ ಅಕ್ಕನ ಜೊತೆ ಇದ್ದಳು, ಪಾತ್ರೆ ತೊಳೆದಳು, ಬಂದವರಿಗೆ ಕುರ್ಚಿ ಹಾಕಿದಳು. ಅಳು ಮಾತ್ರ ಬರಲಿಲ್ಲ.

ನಿವೃತ್ತಿಗೆ ಒಂದು ವರ್ಷವಿದ್ದಾಗ ಆಕೆಯ ಕೊನೆಯ ಸಂಶೋಧನಾ ವಿದ್ಯಾರ್ಥಿನಿ ಬಂದು ಸೇರಿದಳು. ಸಣ್ಣ ಮೈಯ ಹುಡುಗಿ, ಯಾವಾಗಲೂ ತನಗಿಂತ ದೊಡ್ಡ ಕಡತದ ಕಟ್ಟು ಹೊತ್ತುಕೊಂಡು ಓಡಾಡುವವಳು. ವಿಭಾಗದವರೆಲ್ಲ ಅವಳನ್ನು ಇರುವೆ ಎಂದು ಕರೆಯುತ್ತಿದ್ದರು. ಹಳೆಯ ಸಮೀಕ್ಷೆಗಳ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಮೊದಲ ಕೆಲಸ. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಬಾಗಿಲು ತಟ್ಟಿ ಒಳಗೆ ಬಂದು, ಮೇಜಿನ ಮೇಲೆ ಕಾಗದಗಳನ್ನು ಹರಡಿದಳು.

"ಮೇಡಂ, ಹುಡುಕುತ್ತಿಲ್ಲ ಅಂದವರ ಹಾಳೆಗಳು ಇವು. ಕೆಳಗಡೆ 'ಅವರದೇ ಮಾತಲ್ಲಿ' ಅಂತ ಒಂದು ಜಾಗ ಇದೆಯಲ್ಲ, ಅದನ್ನ ಓದಿ."

ಆಕೆ ಕನ್ನಡಕ ಹಾಕಿಕೊಂಡಳು. 'ಸಾಕಾಗಿತ್ತು, ಮನೇಲಿದೀನಿ, ನೆಮ್ಮದಿಯಾಗಿದೆ.' ಎರಡನೇ ಹಾಳೆ: 'ಸಾಕಾಗಿತ್ತು, ಮನೇಲಿದೀನಿ, ನೆಮ್ಮದಿಯಾಗಿದೆ.' ಮೂರನೆಯದು. ಹತ್ತನೆಯದು.

"ನೂರ ಹದಿನಾರು ಹಾಳೇಲಿ ಇದೇ ಮಾತು," ಎಂದಳು ಇರುವೆ.

"ಸಮೀಕ್ಷಕರು ಎಲ್ಲೋ ಕೂತು ತುಂಬಿಸಿರಬೇಕು."

"ನಾನೂ ಹಾಗೇ ಅಂದ್ಕೊಂಡೆ. ಆದ್ರೆ ಮೂರು ಕೈಬರಹ ಇದೆ, ಬೇರೆ ಬೇರೆ ದಿನ, ಬೇರೆ ಬೇರೆ ಬೀದಿ. ಮಿಕ್ಕ ಪ್ರಶ್ನೆಗಳಿಗೆಲ್ಲ ಉತ್ತರ ಬೇರೆ ಬೇರೆ ಇದೆ. ಮಕ್ಕಳೆಷ್ಟು, ಮನೆ ಎಂಥದು, ಎಲ್ಲ. ಇದೊಂದೇ ಮಾತು ಒಂದೇ ಥರ. ಇದನ್ನ ಆ ಹೆಂಗಸರೇ ಹೇಳಿದಾರೆ ಮೇಡಂ."

ಆಕೆ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿ ಅಂಚು ಸರಿಮಾಡಿದಳು. ಅವನ್ನು ಇಟ್ಟಿದ್ದ ಪೆಟ್ಟಿಗೆಗಳನ್ನು ತಾನು ಇಪ್ಪತ್ತು ವರ್ಷ ತೆರೆದೇ ಇರಲಿಲ್ಲವೆಂದು ನೆನಪಾಯಿತು. ಆಗಲೂ ಹಾಳೆಗಳನ್ನು ಓದಿರಲಿಲ್ಲ, ಕಾಲಂಗಳನ್ನು ಎಣಿಸಿದ್ದಳು. ಹಲ್ಲು ಕೀಳಿಸಿದ ದಿನ ದವಡೆ ಮುಟ್ಟಿ ನೋಡಿಕೊಂಡರೆ ಅದು ಯಾರದೋ ದವಡೆ ಎನ್ನಿಸುತ್ತದಲ್ಲ, ಹಾಗಿತ್ತು.

"ಹೌದಾ," ಎಂದಳು.

ಭಾನುವಾರ ಅಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಎಪ್ಪತ್ತಾದರೂ ಬೆರಳುಗಳು ಚುರುಕಾಗಿಯೇ ಇದ್ದವು. ಆಕೆ ಎದುರು ಕೂತು ತಾನೂ ಒಂದು ಹಿಡಿ ಎಳೆದುಕೊಂಡಳು.

"ಅಕ್ಕಾ, ಕಾರ್ಖಾನೆ ಮುಚ್ಚಿ ಐದು ವರ್ಷಕ್ಕೆ ಸಮೀಕ್ಷೆಯವರು ಬಂದಿದ್ರಲ್ಲ, ನೆನಪಿದೆಯಾ?"

"ನೆನಪಿಲ್ಲದೆ ಏನು? ಹಲಗೆ ಹಿಡ್ಕೊಂಡು ಬಂದ ಹುಡುಗಿ. ಬಿಸಿಲಲ್ಲಿ ಬಾಡಿಹೋಗಿದ್ಲು, ನೀರು ಕೊಟ್ಟೆ."

"ಎಲ್ರೂ ಒಂದೇ ಮಾತು ಹೇಳಿದಾರೆ. ಸಾಕಾಗಿತ್ತು, ಮನೇಲಿದೀನಿ, ನೆಮ್ಮದಿಯಾಗಿದೆ ಅಂತ. ಯಾಕೆ ಅಂತ ನಿನಗೇನಾದ್ರೂ ಗೊತ್ತಾ?"

ಅಕ್ಕ ತಲೆ ಎತ್ತಲಿಲ್ಲ. "ನಾನೇ ಹೇಳಿಕೊಟ್ಟಿದ್ದು," ಎಂದಳು.

ಬಟಾಣಿ ಬಟ್ಟಲಿಗೆ ಬೀಳುವ ಸದ್ದು ನಿಲ್ಲಲಿಲ್ಲ.

"ಯಾಕೆ?"

"ಯಾಕೆ ಅಂದ್ರೆ? ನಿನ್ನ ಪುಸ್ತಕಕ್ಕೆ ಅಂತ ಗೊತ್ತಾಯ್ತು. ಕಾಗದದ ಮೇಲೆ ನಿನ್ನ ಹೆಸರಿತ್ತಲ್ಲ. ಎಲ್ರಿಗೂ ಕೆಲಸ ಸಿಗುತ್ತೆ ಅಂತ ಬರ್ದವಳು ನೀನು. ಈಗ ನಾವೇ ಸಿಗಲಿಲ್ಲ ಅಂದ್ರೆ ನಿನ್ನ ತಲೆ ಮೇಲೆ ಬರಲ್ವಾ? ಸಾಲಿನವರನ್ನೆಲ್ಲ ಕೂರಿಸಿ ಹೇಳ್ದೆ. ನಮ್ಮ ಪುಟ್ಟಿ ಬರೆದಿರೋದು ಕಣ್ರೇ, ಹೀಗೆ ಹೇಳಿ ಅಂತ. ಬೇರೆ ಸಾಲಿನವರಿಗೂ ಅವರೇ ಹೇಳಿದ್ರು." ಒಂದು ಕ್ಷಣ ನಿಂತು ನಕ್ಕಳು. "ನಮ್ಮ ಸಾಲಲ್ಲಿ ಸೂಜಿ ಅಂತ ಕರೀತಿದ್ವಲ್ಲ, ಬಾಯಿ ಜೋರಿನವಳು, ಅವಳೇನಂದ್ಲು ಗೊತ್ತಾ? ಇರಲಿ ಬಿಡು, ಸುಂಕದವನ ಹತ್ರ ಸುಖ ದುಃಖ ಹೇಳ್ಕೊಂಡು ಯಾರಿಗೇನು ಬಂತು ಅಂದ್ಲು. ಎಲ್ಲ ಬಿದ್ದು ಬಿದ್ದು ನಕ್ವಿ."

"ನೀನು ಕೆಲಸ ಹುಡುಕಿದ್ಯಾ ಅಕ್ಕಾ?"

"ಹುಡುಕದೆ? ಬಿಸ್ಕತ್ತು ಫ್ಯಾಕ್ಟರೀಲಿ ಪ್ಯಾಕಿಂಗಿಗೆ ಹೋದೆ, ಮೂವತ್ತರ ಒಳಗಿನವರು ಬೇಕು ಅಂದ್ರು. ಆಸ್ಪತ್ರೇಲಿ ನೆಲ ಒರೆಸೋಕೆ ಕೇಳ್ದೆ. ಬಟ್ಟೆ ಅಂಗಡಿ, ಶಾಲೆ, ಲಾಂಡ್ರಿ. ನಾಲ್ಕು ವರ್ಷ ತಿರುಗ್ದೆ. ನಿನ್ನ ಭಾವನ ಬಸ್ಸಲ್ಲೇ ಹೋಗ್ತಿದ್ದೆ, ಅವರು ಬೆಳಿಗ್ಗೆ ಇಳಿಸಿ, ಮಧ್ಯಾಹ್ನದ ಟ್ರಿಪ್ಪಲ್ಲಿ ಹತ್ತಿಸ್ಕೊಳ್ಳೋರು. ಏನಾಯ್ತು ಅಂತ ಕೇಳ್ತಾನೇ ಇರಲಿಲ್ಲ ಪಾಪ, ಮುಖ ನೋಡಿದ್ರೆ ಗೊತ್ತಾಗೋದು." ಖಾಲಿ ಸಿಪ್ಪೆಗಳನ್ನು ಬಾಚಿ ಒಂದು ಕಡೆ ಮಾಡಿದಳು. "ಆಮೇಲೆ ಸಾಕಾಯ್ತು. ಅದೇನು ಸುಳ್ಳಲ್ಲ ನೋಡು."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಕೇಳಿದ್ಯಾ?"

ಅಕ್ಕನ ದನಿಯಲ್ಲಿ ಆಪಾದನೆ ಇರಲಿಲ್ಲ. ಮನೆಯಲ್ಲಿ ಸಕ್ಕರೆ ಇದೆಯಾ ಎಂದು ಕೇಳುವ ಹಾಗೆ ಕೇಳಿದ್ದಳು. ಆಕೆ ಕೇಳಿದ್ದಳು, ಏನು ಮಾಡ್ತೀಯ ಎಂದು. ಹುಡುಕುತ್ತಿದ್ದೀಯಾ ಎಂದು ಕೇಳಿರಲಿಲ್ಲ. ಎದೆಯೊಳಗೆ ಏನಾದರೂ ಆಗಬೇಕಿತ್ತು ಎಂದು ಕಾದಳು. ಏನೂ ಆಗಲಿಲ್ಲ. ಎದ್ದು ಹೋಗಿ ಬಟಾಣಿ ತೊಳೆದಳು. ನೀರು ತಣ್ಣಗಿತ್ತು, ಅದು ಮಾತ್ರ ಗೊತ್ತಾಯಿತು.

ಮುಂದಿನ ಮೂರು ವಾರ ಆಕೆ ಎಂದಿನಂತೆ ಪಾಠ ಮಾಡಿದಳು, ಉತ್ತರ ಪತ್ರಿಕೆ ತಿದ್ದಿದಳು. ಮೆಟ್ಟಿಲು ಹತ್ತುವಾಗ ಎಣಿಸುತ್ತಿದ್ದಳು. ಅದೊಂದು ಹೊಸ ಅಭ್ಯಾಸ. ನಾಲ್ಕನೇ ವಾರ ಪತ್ರಿಕೆಯ ಸಂಪಾದಕರಿಗೆ ಪತ್ರ ಬರೆದು, ಛತ್ರಿ ಕಾರ್ಖಾನೆಯ ಲೇಖನವನ್ನು ಹಿಂದಕ್ಕೆ ತೆಗೆದುಕೊಳ್ಳುವೆನೆಂದು ತಿಳಿಸಿದಳು. ಕಾರಣ ಬರೆಯುವ ಜಾಗದಲ್ಲಿ ಬರೆದದ್ದು ಇಷ್ಟು: ಉತ್ತರ ಕೊಟ್ಟವರಿಗೆ ಹೀಗೇ ಹೇಳಬೇಕೆಂದು ಮೊದಲೇ ಹೇಳಲಾಗಿತ್ತು. ಹೇಳಿದವರು ಲೇಖಕಿಯ ಅಕ್ಕ. ಲೇಖಕಿಗೆ ಇದು ಗೊತ್ತಿರಲಿಲ್ಲ. ಗೊತ್ತಿರಬೇಕಿತ್ತು.

ಪ್ರತಿಯನ್ನು ವಿಭಾಗದ ಮುಖ್ಯಸ್ಥರಿಗೂ ಕೊಟ್ಟಳು. ಮುಖ್ಯಸ್ಥರು ಆಕೆಯ ಹಳೆಯ ವಿದ್ಯಾರ್ಥಿ, ಬೊಕ್ಕತಲೆಯ, ಮೆದು ಮಾತಿನ ಮನುಷ್ಯ. ಪತ್ರ ಓದಿ ಬಾಗಿಲು ಹಾಕಿಕೊಂಡು ಬಂದರು.

"ಮೇಡಂ, ಇನ್ನು ಎಂಟು ತಿಂಗಳಿಗೆ ಸನ್ಮಾನ ಮಾಡಿ ಕಳಿಸಬೇಕು ಅಂತಿದ್ವಿ. ಇರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಹಾಗಾಯ್ತು."

ಹೊರಗೆ ಪಡಸಾಲೆಯಲ್ಲಿ ಇರುವೆ ಕಡತ ಹೊತ್ತು ಹೋಗುತ್ತಿರುವುದು ಗಾಜಿನಲ್ಲಿ ಕಂಡಿತು. ಮುಖ್ಯಸ್ಥರಿಗೆ ತಾವೇ ಆಡಿದ ಮಾತಿಗೆ ನಗು ಬಂದು, ತಡೆದುಕೊಂಡರು. ಆಕೆ ನಗಲಿಲ್ಲ. ಬೇರೆ ದಿನವಾಗಿದ್ದರೆ ನಗುತ್ತಿದ್ದಳೇನೋ.

"ನೀವು ಸುಳ್ಳು ಬರೀಲಿಲ್ಲ," ಎಂದರು ಮುಖ್ಯಸ್ಥರು. "ಹುಡುಕದವರನ್ನ ಬಿಟ್ಟಿದೀವಿ ಅಂತ ಅಡಿಟಿಪ್ಪಣೀಲಿ ಹಾಕಿದೀರಿ. ಈಗ ಇದನ್ನ ತೆಗೆದ್ರೆ ಮುಚ್ಚಿದ ಕಾರ್ಖಾನೆ ತೆರೆಯುತ್ತಾ?"

"ಇಲ್ಲ."

"ಸುಂಕ ಇಳಿಸಿದ್ದು ತಪ್ಪು ಅಂತೀರಾ?"

"ಅದನ್ನೂ ಹೇಳ್ತಿಲ್ಲ. ಈಗ ಮಳೆ ಬಂದ್ರೆ ಬೀದೀಲಿ ಛತ್ರಿ ಇಲ್ಲದವರೇ ಇಲ್ಲ. ಆಗ ಹಾಗಿರಲಿಲ್ಲ. ಅದು ಸರಿ ಇರಬಹುದು. ತೊಂಬತ್ತು ಅನ್ನೋದು ಸರಿ ಇಲ್ಲ, ಅಷ್ಟೇ."

"ಅಷ್ಟಕ್ಕೆ ಇಷ್ಟಾ ಮೇಡಂ?"

"ಇಷ್ಟೇ ನನಗೆ ಗೊತ್ತಿರೋದು," ಎಂದಳು.

ಪತ್ರಿಕೆಯವರು ನಾಲ್ಕು ತಿಂಗಳ ಮೇಲೆ ಅರ್ಧ ಪುಟದ ಸೂಚನೆ ಹಾಕಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಪಠ್ಯಪುಸ್ತಕದ ಪ್ರಕಾಶಕರು ಮುಂದಿನ ಮುದ್ರಣದಲ್ಲಿ ಚೌಕ ತೆಗೆಯುವುದಾಗಿ ಬರೆದರು, ಆ ಜಾಗಕ್ಕೆ ಬೇರೆ ದೇಶದ ಬಟ್ಟೆ ಗಿರಣಿಯ ಕಥೆ ಬರುತ್ತದಂತೆ. ಒಂದು ಸಮ್ಮೇಳನದವರು ಆಕೆಯ ಭಾಷಣವನ್ನು ಕಾರಣ ಹೇಳದೆ ಕೈಬಿಟ್ಟರು. ಸಮಿತಿಯಲ್ಲಿ ಜೊತೆಗಿದ್ದ ಹಿರಿಯರೊಬ್ಬರು ಮಾತ್ರ ಫೋನು ಮಾಡಿ, "ಈ ವಯಸ್ಸಿಗೆ ನಮ್ಮ ಮುಖಕ್ಕೂ ಮಸಿ ಬಳಿದೆಯಲ್ಲಮ್ಮ," ಎಂದು ಫೋನಿಟ್ಟರು. ಆಕೆ ಅದನ್ನು ದಿನಚರಿಯಲ್ಲಿ ಬರೆದಿಟ್ಟಳು, ವೇಳೆ ಸಮೇತ.

ಅಕ್ಕನಿಗೆ ತಿಳಿದಾಗ ಸಿಟ್ಟು ಬಂತು. ಹಾಗೆ ಸಿಟ್ಟಾದದ್ದನ್ನು ಆಕೆ ಚಿಕ್ಕಂದಿನಿಂದ ನೋಡಿರಲಿಲ್ಲ.

"ನನ್ನ ಹೆಸರು ಹಾಕಿ ಬರ್ದಿದೀಯಂತೆ?"

"ಹೆಸರು ಹಾಕಿಲ್ಲ. ಅಕ್ಕ ಅಂತ ಹಾಕಿದೀನಿ."

"ನಿನಗೆ ಎಷ್ಟು ಅಕ್ಕಂದಿರಿದಾರೆ? ನಿನ್ನ ಕಾಪಾಡೋಕೆ ಅಂತ ನಾನು ಮಾಡಿದ್ದು. ಹೋಗಿ ಎಲ್ಲರ ಮುಂದೆ ಹರವಿದ್ಯಲ್ಲೇ!"

"ಹೌದು."

"ಹೌದು ಅಂತೆ. ಹೌದು, ಹೌದಾ, ಇದೆರಡು ಬಿಟ್ಟು ಬೇರೆ ಮಾತೇ ಬರಲ್ವಾ ನಿನಗೆ? ಅತ್ತುಬಿಡೇ ಒಂದ್ಸಲ. ಇಲ್ಲ ನನಗಾದ್ರೂ ಬಯ್ಯಿ."

ಆಕೆ ಪ್ರಯತ್ನಪಟ್ಟಳು. ಬಾಯಿ ತೆರೆದಳು, ಏನೂ ಬರಲಿಲ್ಲ. ಅಕ್ಕ ಆಕೆಯ ತೋಳು ಹಿಡಿದು ಕುರ್ಚಿಯಲ್ಲಿ ಕೂರಿಸಿದಳು, ಜ್ವರ ಬಂದವರನ್ನು ಕೂರಿಸುವ ಹಾಗೆ.

ಇರುವೆ ಅಲ್ಲಿಗೆ ಬಿಡಲಿಲ್ಲ. ನೂರ ಮೂವತ್ತೊಂದು ಹೆಂಗಸರಲ್ಲಿ ಬದುಕಿರುವವರನ್ನು ಹುಡುಕಿ, ನಿಜವಾಗಿ ಏನಾಯಿತೆಂದು ಕೇಳಿ ಅದನ್ನೇ ತನ್ನ ಪ್ರಬಂಧ ಮಾಡುತ್ತೇನೆ ಎಂದಳು. ಆಕೆ ಮಾರ್ಗದರ್ಶಕಿಯ ಜಾಗದಿಂದ ತನ್ನ ಹೆಸರು ತೆಗೆಸಿ ಬೇರೆಯವರನ್ನು ಹಾಕಿಸಿದಳು. ವಿಳಾಸ ಹುಡುಕಲು ಮಾತ್ರ ಬೇರೆ ದಾರಿ ಇರಲಿಲ್ಲ. ಹಳೆಯ ಸಾಲಿನವರು ಯಾರು ಎಲ್ಲಿದ್ದಾರೆ ಎಂಬುದು ಒಬ್ಬಳೇ ಒಬ್ಬಳಿಗೆ ಗೊತ್ತಿತ್ತು.

ಅಕ್ಕ ಎರಡು ವಾರ ಬಿಗುಮಾನ ಮಾಡಿದಳು. ಆಮೇಲೆ ಒಂದು ಬೆಳಿಗ್ಗೆ ನಡಿಗೆಯ ಬೂಟು ಹಾಕಿಕೊಂಡು ಇರುವೆಯ ಜೊತೆ ಹೊರಟಳು. ಬಾಗಿಲ ತನಕ ಹೋಗಿ ಗುರುತು ಹೇಳಿ, ಅಕ್ಕ ಬೀದಿಯಲ್ಲೇ ನಿಲ್ಲಬೇಕೆಂಬುದು ಇರುವೆಯ ಕರಾರು. "ಹೇಳಿಕೊಡೋಕೆ ಬಂದಿಲ್ಲ ಕಣ್ರೇ ಈ ಸಲ, ಬಾಯಿಗೆ ಬಂದಿದ್ದು ಹೇಳ್ಕೊಳ್ಳಿ," ಎಂದು ಪ್ರತಿ ಬಾಗಿಲಲ್ಲೂ ಕೂಗಿ ಹೇಳಿ ಅಕ್ಕ ಹಿಂದೆ ಸರಿಯುತ್ತಿದ್ದಳಂತೆ. ಇಪ್ಪತ್ತನಾಲ್ಕು ಮಂದಿ ತೀರಿಕೊಂಡಿದ್ದರು. ಹಲವರು ಊರು ಬಿಟ್ಟಿದ್ದರು. ಅಕ್ಕನನ್ನು ಸೇರಿಸಿ ಐವತ್ತೆಂಟು ಮಂದಿ ಸಿಕ್ಕರು. ನಾಲ್ವರು ಮಾತಾಡಲಿಲ್ಲ. ಸೂಜಿ ಅವರಲ್ಲೊಬ್ಬಳು. ಬಾಗಿಲನ್ನು ಅಂಗೈಯಗಲ ತೆರೆದು, "ಆಗ ಸುಳ್ಳು ಹೇಳಿಸಿದ್ರಿ, ಈಗ ನಿಜ ಹೇಳಿಸೋಕೆ ಬಂದ್ರಾ? ನಿಮ್ಮ ಪುಸ್ತಕಕ್ಕೆ ನಾನೆಷ್ಟು ಸಲ ಉತ್ತರ ಕೊಡ್ಲಿ?" ಎಂದು ಬಾಗಿಲು ಹಾಕಿಕೊಂಡಳು. ಬೀದಿಯಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಅವತ್ತು ಅಕ್ಕ ಮನೆಗೆ ಬಂದು ಊಟ ಮಾಡಲಿಲ್ಲ.

ಆಕೆಯ ನಿವೃತ್ತಿ ಈ ನಡುವೆ ಆಗಿಹೋಯಿತು. ಸನ್ಮಾನ ಬೇಡವೆಂದಿದ್ದಳು. ಮುಖ್ಯಸ್ಥರು ಒಂದು ಕೇಕು ತರಿಸಿದರು. ನಾಲ್ಕು ಪೆಟ್ಟಿಗೆ ಪುಸ್ತಕ ಗ್ರಂಥಾಲಯಕ್ಕೆ ಹೋದವು, ಎರಡು ಮನೆಗೆ ಬಂದವು. ಕೋಣೆಯ ಬೀಗದ ಕೈ ಕೊಟ್ಟು ಸಹಿ ಹಾಕುವಾಗ ಕಚೇರಿಯ ಹೆಂಗಸು, "ಬೇಜಾರಾಗ್ತಿದೆಯಾ ಮೇಡಂ?" ಎಂದು ಕೇಳಿದಳು. "ಗೊತ್ತಿಲ್ಲ," ಎಂದಳು ಆಕೆ. ಅದು ನಿಜವೇ ಆಗಿತ್ತು.

ಐವತ್ತಮೂರು ಮಂದಿಯ ಮಾತು ಬರೆದುಕೊಂಡಾದ ಮೇಲೆ ಉಳಿದವಳು ಅಕ್ಕ ಒಬ್ಬಳು. ಕೆಲಸ ಹುಡುಕದೆ ತಾವಾಗಿಯೇ ಮನೆಯಲ್ಲಿ ಉಳಿದವರು, ನೆಮ್ಮದಿಯಾಗಿದ್ದೆವು ಎಂದವರು ಅಷ್ಟರಲ್ಲಿ ಹನ್ನೊಂದು ಮಂದಿ. ಉಳಿದ ನಲವತ್ತೆರಡು ಮಂದಿ ವರ್ಷಗಟ್ಟಲೆ ಅಲೆದವರು.

ಇರುವೆ ಒಂದು ಶನಿವಾರ ಬೆಳಿಗ್ಗೆ ಹತ್ತಕ್ಕೆ ಬಂದಳು. ಆಕೆ ಅಕ್ಕನ ಔಷಧಿ ತಂದುಕೊಡಲು ಬಂದವಳು ಅಲ್ಲೇ ಇದ್ದಳು.

"ಮೇಡಂ, ನೀವು ಒಳಗಿರೋ ಹಾಗಿಲ್ಲ," ಎಂದಳು ಇರುವೆ, ಸಂಕೋಚದಿಂದ.

"ಗೊತ್ತು. ನಾನೇ ಕಲಿಸಿದ್ದು ನಿನಗೆ."

ಆಕೆ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಸಿಮೆಂಟಿನ ಮೆಟ್ಟಿಲು, ಕಂಬಿಯ ಬಣ್ಣ ಎದ್ದುಹೋಗಿತ್ತು. ಬಾಗಿಲ ಹಿಂದಿನಿಂದ ಅಕ್ಕನ ದನಿ ಬರುತ್ತಿತ್ತು, ಪದಗಳು ಬರುತ್ತಿರಲಿಲ್ಲ. ಇರುವೆ ಚಿಕ್ಕದಾಗಿ ಏನೋ ಕೇಳುತ್ತಿದ್ದಳು, ಅಕ್ಕ ಉದ್ದಕ್ಕೆ ಹೇಳುತ್ತಿದ್ದಳು. ಅರ್ಧ ಗಂಟೆ ಆಯಿತು. ಮುಕ್ಕಾಲು ಗಂಟೆ. ಮೇಲಿನ ಮನೆಯ ಹೆಂಗಸು ತರಕಾರಿ ಚೀಲ ಹಿಡಿದು ಹತ್ತಿ ಬಂದವಳು ನಿಂತಳು.

"ಯಾಕಮ್ಮ, ಹೊರಗೆ ಕೂತಿದೀರಿ? ಜಗಳಾನಾ?"

"ಇಲ್ಲ. ಅಕ್ಕ ಮಾತಾಡ್ತಿದಾಳೆ."

"ಯಾರ ಹತ್ರ?"

"ಸಮೀಕ್ಷೆಯವರ ಹತ್ರ."

"ಅಷ್ಟೊತ್ತಾ?" ಎಂದು ಹೆಂಗಸು ಹತ್ತಿಹೋದಳು.

ಒಂದು ಸಲ ಒಳಗೆ ಅಕ್ಕ ಜೋರಾಗಿ ನಕ್ಕಳು. ಇನ್ನೊಂದು ಸಲ ಬಹಳ ಹೊತ್ತು ಯಾವ ದನಿಯೂ ಇರಲಿಲ್ಲ, ಕುರ್ಚಿ ಎಳೆದ ಸದ್ದು, ನಲ್ಲಿಯ ಸದ್ದು, ಆಮೇಲೆ ಮತ್ತೆ ಮಾತು. ಆಕೆಯ ಕಾಲು ಜೋಮು ಹಿಡಿಯಿತು. ಎದ್ದು ನಿಂತು ನೆಲಕ್ಕೆ ಒತ್ತಿದಳು. ಸೂಜಿ ಚುಚ್ಚಿದ ಹಾಗೆ ನೋವು ಬಂತು, ಹೋಯಿತು.

ಹನ್ನೊಂದೂವರೆಗೆ ಬಾಗಿಲು ತೆರೆಯಿತು. ಇರುವೆ ಹಾಳೆಗಳನ್ನು ಲಕೋಟೆಗೆ ಹಾಕಿ ಅಂಟಿಸಿ, ಚೀಲದಲ್ಲಿಟ್ಟುಕೊಂಡು, ಕಣ್ಣು ತಪ್ಪಿಸಿ ನಮಸ್ಕಾರ ಮಾಡಿ ಇಳಿದುಹೋದಳು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಮುಖ ತೊಳೆದುಕೊಂಡ ಹಾಗಿತ್ತು, ಕಿವಿಯ ಹತ್ತಿರ ಕೂದಲು ಒದ್ದೆಯಾಗಿತ್ತು.

ಏನು ಹೇಳಿದೆ ಎಂದು ಆಕೆ ಕೇಳಲಿಲ್ಲ. ಕೇಳುವ ಹಾಗೂ ಇರಲಿಲ್ಲ.

"ಒಳ್ಳೆ ಹುಡುಗಿ," ಎಂದಳು ಅಕ್ಕ. "ಒಂದೂವರೆ ಗಂಟೆ ಕೂತ್ಲು. ನಿನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ ಕಣೆ. ಪೂರ್ತಿ ನನ್ನ ಬಗ್ಗೇನೇ ಕೇಳಿದ್ಲು."

"ಹೌದಾ," ಎಂದಳು ಆಕೆ.

ಅಕ್ಕ ಒಳಗೆ ಹೋಗಿ ಮೇಜು ಒರೆಸತೊಡಗಿದಳು. ಆಕೆ ಹಿಂದೆಯೇ ಹೋಗಿ ಔಷಧಿಯ ಚೀಲ ಬಿಚ್ಚಿ, ಬೆಳಗಿನ ಮಾತ್ರೆಗಳನ್ನು ಒಂದು ಕಡೆ, ರಾತ್ರಿಯವನ್ನು ಇನ್ನೊಂದು ಕಡೆ ಇಟ್ಟಳು.